ಕಂದ ಎದ್ದು ನಿಂತಾಗ

ಮನೆಯಲ್ಲಿ ಎಂಟೊಂಬತ್ತು ತಿಂಗಳ ಕೂಸಿದ್ದರೆ ನಾನು ಹೇಳುವುದು ನಿಮಗೆ ಥಟ್ಟನೆ ಅರ್ಥವಾಗುತ್ತದೆ. ನಿನ್ನೆಯವರೆಗೆ ಕೂರಿಸಿದ ಕಡೆ ಕೂತಿರುತ್ತಿದ್ದ ಮಗು ಇವತ್ತು ಮಂಚದ ಕಾಲು ಹಿಡಿದು ನಿಂತುಬಿಟ್ಟಿರುತ್ತದೆ. ನಿಂತದ್ದಲ್ಲದೆ ನಮ್ಮತ್ತ ತಿರುಗಿ ನಗುತ್ತದೆ ಬೇರೆ! "ಅಯ್ಯೋ, ನನ್ ಚಿನ್ನ ನಿಂತ್ಕೊಂಡ್‌ಬಿಡ್ತು, ಬನ್ರೋ ಎಲ್ರೂ" ಎಂದು ಮನೆಮಂದಿಯನ್ನೆಲ್ಲ ಕೂಗುವಷ್ಟರಲ್ಲಿ ಧೊಪ್ಪೆಂದು ಕೂತಿರುತ್ತದೆ, ಇಲ್ಲವೇ ಹಿಂದಕ್ಕೆ ವಾಲಿ ತಲೆ ತಗುಲಿಸಿಕೊಂಡಿರುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲಿನ ನಾಲ್ಕಾರು ತಿಂಗಳು ಮನೆಯ ಹೆಂಗಸರಿಗೆ ಒಂದು ಲೋಟ ಕಾಫಿಯನ್ನು ಬಿಸಿಬಿಸಿಯಾಗಿ ಕುಡಿಯುವ ಭಾಗ್ಯವಿಲ್ಲ.

ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ತುಂಬಿದ ಮನೆಗೆ ಸೊಸೆಯಾಗಿ ಬಂದವಳು. ನನ್ನವು ಎರಡು, ಮೈದುನನವು ಎರಡು, ರಜಕ್ಕೆ ಬರುವ ನಾದಿನಿಯ ಮಕ್ಕಳು ಬೇರೆ. ಹೀಗೆ ನನ್ನ ಸೊಂಟ ಕೂಸಿಲ್ಲದೆ ಖಾಲಿ ಇದ್ದದ್ದೇ ಕಡಿಮೆ. ಈಗ ನಲವತ್ತಾರಕ್ಕೇ ಅಜ್ಜಿಯೂ ಆಗಿದ್ದೇನೆ. ಮಗಳು ಒಂಬತ್ತು ತಿಂಗಳ ಮಗನನ್ನು ಕರೆದುಕೊಂಡು ಬಂದಿದ್ದಾಳೆ. ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ನಿಲ್ಲುವ ಹುರುಪಿನಲ್ಲಿದ್ದಾನೆ. ಅವಳು ಪುಸ್ತಕ ಓದಿ ತಿಳಿದದ್ದು, ನಾನು ಕೈಯಾರೆ ಮಾಡಿ ತಿಳಿದದ್ದು, ಎರಡನ್ನೂ ಕೂಡಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಿಲ್ಲಲು ಕಲಿಯುವ ಮಗು ಬಿದ್ದೇ ಬೀಳುತ್ತದೆ. ನೀವು ಎಷ್ಟೇ ಜಾಗರೂಕರಾಗಿದ್ದರೂ ಬೀಳುತ್ತದೆ. ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳು ಆಡುವುದನ್ನು ನೋಡಿ ಲೆಕ್ಕ ಹಾಕಿ, 2012ರಲ್ಲಿ ಪ್ರಕಟಿಸಿದರಂತೆ. ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು! ಮಗಳು ಇದನ್ನು ಓದಿ ಹೇಳಿದಾಗ ನಮ್ಮತ್ತೆಯವರು, "ಅದನ್ನ ಎಣಿಸೋಕೆ ಅಮೆರಿಕಾನೇ ಬೇಕಿತ್ತೇನೇ? ನಮ್ಮನೆಗೆ ಬಂದಿದ್ರೆ ನಾನೇ ಹೇಳ್ತಿದ್ದೆ" ಎಂದು ನಕ್ಕರು. ನಗುವ ಮಾತಾದರೂ ಅದರಲ್ಲಿ ನಮಗೊಂದು ಸಮಾಧಾನವಿದೆ. ಮಗು ಬಿದ್ದಿತು ಎಂದರೆ ತಾಯಿ ನೋಡಿಕೊಳ್ಳಲಿಲ್ಲ ಎಂದಲ್ಲ, ಮಗು ಕಲಿಯುತ್ತಿದೆ ಎಂದು.

ಹಾಗೆಂದು ಬಿದ್ದರೆ ಬೀಳಲಿ ಎಂದು ಕೈಕಟ್ಟಿ ಕೂರುವುದೇ? ಖಂಡಿತ ಅಲ್ಲ. ನಿಂತ ನೆಲದ ಮೇಲೆಯೇ ಕುಕ್ಕರಿಸಿ ಬೀಳುವುದು ಒಂದು ಬಗೆ. ಮಂಚದಿಂದ, ಮೆಟ್ಟಿಲಿನಿಂದ, ಅಡಿಗೆ ಕಟ್ಟೆಯ ಮೇಲಿನಿಂದ ಬೀಳುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಜಾಗ ಮಾಡಿಕೊಡಬೇಕು, ಎರಡನೆಯದಕ್ಕೆ ದಾರಿ ಮುಚ್ಚಬೇಕು. ಕೂಸಿನ ತಲೆ ಅದರ ಮೈಯ ಅಳತೆಗೆ ಹೋಲಿಸಿದರೆ ದೊಡ್ಡದು, ಭಾರ ಎನ್ನುವುದು ನಿಮಗೆ ಗೊತ್ತೇ ಇದೆ. ಹುಟ್ಟಿದ ಮಗುವಿನ ಉದ್ದದಲ್ಲಿ ತಲೆಯದೇ ಕಾಲು ಭಾಗ. ದೊಡ್ಡವರಲ್ಲಿ ಎಂಟರಲ್ಲಿ ಒಂದು ಭಾಗದಷ್ಟು ಮಾತ್ರ. ಆದ್ದರಿಂದಲೇ ಎತ್ತರದಿಂದ ಬಗ್ಗಿ ನೋಡಿದ ಕೂಸು ತಲೆ ಮುಂದಾಗಿ ಉರುಳುವುದು.

"ನಮ್ ಕಾಲದಲ್ಲಿ ಮನೇಲಿ ಹತ್ತು ಮಕ್ಕಳು ಬೆಳೆದ್ವು, ಯಾವುದಕ್ಕೆ ಏನಾಯ್ತು?" ಎಂದು ಹಿರಿಯರು ಕೇಳುವುದುಂಟು. ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ಆಗಿನ ಮನೆ ಹೇಗಿತ್ತು, ನೆನಪು ಮಾಡಿಕೊಳ್ಳಿ. ತಿಪಟೂರಿನ ಹತ್ತಿರದ ನನ್ನ ತವರುಮನೆ ತೊಟ್ಟಿಯ ಮನೆ. ಸಗಣಿ ಸಾರಿಸಿದ ಮಣ್ಣಿನ ನೆಲ. ಮಲಗಲು ಚಾಪೆ, ಮೇಲೊಂದು ಕಂಬಳಿ. ಮಂಚವೆಂಬುದು ತಾತನಿಗೆ ಮಾತ್ರ. ಮಗು ಉರುಳಿದರೆ ಚಾಪೆಯಿಂದ ನೆಲಕ್ಕೆ ಉರುಳಬೇಕು, ಅಷ್ಟೇ. ಹೊಸಿಲು ದಾಟಿದರೆ ಅಲ್ಲೊಬ್ಬ ಚಿಕ್ಕಮ್ಮ, ಜಗಲಿಗೆ ಬಂದರೆ ಅಲ್ಲೊಬ್ಬ ಅಜ್ಜಿ. ಈಗಿನ ಮನೆಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲ್ಸು, ಎರಡಡಿ ಎತ್ತರದ ಮಂಚ, ಗಾಜಿನ ಟೀಪಾಯಿ, ಮೂರನೆಯ ಮಹಡಿಯ ಬಾಲ್ಕನಿ. ನೋಡಿಕೊಳ್ಳುವವಳು ಒಬ್ಬಳೇ ತಾಯಿ. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಗ್ಯಾಸಿನವನು. ಹತ್ತು ಕೈ ಮಾಡುತ್ತಿದ್ದ ಕೆಲಸವನ್ನು ಎರಡು ಕೈ ಮಾಡಬೇಕಾದರೆ ಮನೆಯೇ ಸ್ವಲ್ಪ ಬದಲಾಗಬೇಡವೇ?

ಅದಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟೆ. ಮಗು ಅಂಬೆಗಾಲಿಡಲು ತೊಡಗಿದ ಕೂಡಲೇ ಒಂದು ಸಲ ನೀವೂ ಮಂಡಿಯೂರಿ ಮನೆಯೆಲ್ಲ ತಿರುಗಿ ಬನ್ನಿ. ಯಜಮಾನರು ನಕ್ಕರೆ ನಗಲಿ. ನಿಂತು ನೋಡುವಾಗ ಕಾಣದ್ದು ಆಗ ಕಾಣುತ್ತದೆ. ಟೀಪಾಯಿಯ ಮೊನೆ ನಿಮ್ಮ ಹಣೆಯ ನೇರಕ್ಕೇ ಬಂದಿರುತ್ತದೆ. ಮಿಕ್ಸಿಯ ವೈರು ಕೈಗೆಟುಕುವಂತೆ ಜೋತುಬಿದ್ದಿರುತ್ತದೆ. ಮೇಜಿನ ಬಟ್ಟೆಯ ಅಂಚು "ಬಾ, ಎಳಿ" ಎಂದು ಕರೆಯುತ್ತಿರುತ್ತದೆ. ನಿಲ್ಲಲು ಕಲಿಯುವ ಮಗುವಿಗೆ ಇದು ಗಟ್ಟಿ, ಇದು ಸಡಿಲ ಎನ್ನುವ ಭೇದ ಗೊತ್ತಿಲ್ಲ. ಸೋಫಾವನ್ನು ಹಿಡಿದಂತೆಯೇ ಪ್ಲಾಸ್ಟಿಕ್ ಕುರ್ಚಿಯನ್ನೂ ಹಿಡಿಯುತ್ತದೆ. ಹಗುರವಾದ ಕುರ್ಚಿ, ಸ್ಟೂಲು, ನಿಲ್ಲಿಸಿದ ಇಸ್ತ್ರಿ ಮೇಜು, ಗೋಡೆಗೆ ಒರಗಿಸಿಟ್ಟ ಮಡಿಚುವ ಮಂಚ, ಇವನ್ನೆಲ್ಲ ನಾಲ್ಕು ತಿಂಗಳ ಮಟ್ಟಿಗೆ ಒಳಗೆ ಸೇರಿಸಿಬಿಡಿ. ಟಿ.ವಿ. ಸ್ಟ್ಯಾಂಡು, ಪುಸ್ತಕದ ಕಪಾಟುಗಳನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ.

ತೊಟ್ಟಿಲಿನ ಮಾತು. ಕೂಸು ತಾನೇ ಎದ್ದು ಕೂರಲು ಪ್ರಯತ್ನಿಸಿದ ದಿನವೇ ತೊಟ್ಟಿಲಿಗೂ ಸೀರೆಯ ಜೋಲಿಗೂ ವಿದಾಯ ಹೇಳಬೇಕು. "ಇನ್ನೊಂದು ತಿಂಗಳು ಇರಲಿ, ಅದರಲ್ಲೇ ಚೆನ್ನಾಗಿ ನಿದ್ದೆ ಮಾಡುತ್ತೆ" ಎನ್ನುವ ಆಸೆ ನಮಗೆ ಇರುತ್ತದೆ. ಆದರೆ ತೂಗುವ ತೊಟ್ಟಿಲಲ್ಲಿ ಅಂಚು ಹಿಡಿದು ನಿಂತರೆ ಅದು ಮಗುಚಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಕಟಕಟೆ ಇರುವ ಮಂಚವಾದರೆ ಹಾಸಿಗೆಯನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಸಿ. ಒಳಗೆ ಹತ್ತಿ ನಿಲ್ಲುವಂಥ ದಿಂಬು, ದೊಡ್ಡ ಆಟದ ಸಾಮಾನು ಇಡಬೇಡಿ. ದೊಡ್ಡವರ ಮಂಚದ ಸುತ್ತ ದಿಂಬು ಜೋಡಿಸಿ "ಕೋಟೆ ಕಟ್ಟಿದ್ದೀನಿ" ಎನ್ನುವುದನ್ನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ. ಆ ಕೋಟೆ ಕೂಸಿಗೆ ಏಣಿ! ದಿಂಬು ಹತ್ತಿದರೆ ಮಂಚಕ್ಕಿಂತ ಅರ್ಧ ಅಡಿ ಹೆಚ್ಚು ಎತ್ತರದಿಂದ ಬೀಳುತ್ತದೆ. ಪುಟ್ಟನಿಗೆ ಹಗಲಿನ ನಿದ್ದೆಗೆ ನಾವು ನೆಲದ ಮೇಲೆಯೇ ತೆಳ್ಳನೆಯ ಗಟ್ಟಿ ಹಾಸಿಗೆ ಹಾಕುತ್ತೇವೆ.

ಅಡಿಗೆ ಮಾಡುವಾಗ ಮಗುವನ್ನು ಎಲ್ಲಿ ಬಿಡುವುದು ಎನ್ನುವುದು ಒಬ್ಬಂಟಿ ತಾಯಂದಿರ ದೊಡ್ಡ ಚಿಂತೆ. ನಾವು ಬಡಗಿಯಿಂದ ಎರಡೂವರೆ ಅಡಿ ಎತ್ತರದ ಹಲಗೆಯೊಂದನ್ನು ಮಾಡಿಸಿ, ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಚಿಲಕ ಹಾಕಿಸಿದ್ದೇವೆ. ಈಚೆ ಅವನು, ಆಚೆ ನಾನು. ಅವನು ಹಲಗೆ ಹಿಡಿದು ನಿಂತು ನನ್ನೊಡನೆ ಹರಟುತ್ತಾನೆ, ನಾನು ಒಗ್ಗರಣೆ ಹಾಕುತ್ತೇನೆ. ಮೆಟ್ಟಿಲಿದ್ದ ಮನೆಗೆ ಮೇಲೂ ಕೆಳಗೂ ಇಂಥದ್ದೊಂದು ಬೇಕು. ಮೇಲಿನದನ್ನಂತೂ ಗೋಡೆಗೆ ಭದ್ರವಾಗಿ ಬಿಗಿಸಿರಬೇಕು. ಬಾಲ್ಕನಿಯ ಕಂಬಿಗಳ ನಡುವಿನ ಸಂದು ನಾಲ್ಕು ಅಂಗುಲಕ್ಕಿಂತ ಹೆಚ್ಚಿದ್ದರೆ ಬಲೆ ಕಟ್ಟಿಸಿ. ಕಿಟಕಿಯ ಕೆಳಗೆ, ಬಾಲ್ಕನಿಯ ಗೋಡೆಯ ಪಕ್ಕ ಕುರ್ಚಿ, ಹೂವಿನ ಕುಂಡ ಇಡಲೇಬೇಡಿ. ಮಗುವಿನ ಸೊಂಟಕ್ಕೆ ಸೀರೆ ಕಟ್ಟಿ ಮಂಚದ ಕಾಲಿಗೆ ಬಿಗಿದು ಕೆಲಸಕ್ಕೆ ಹೋಗುವುದನ್ನೂ ಕಂಡಿದ್ದೇನೆ. ಅದು ಬೇಡಮ್ಮ. ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡರೆ ಬಿದ್ದದ್ದಕ್ಕಿಂತ ಕೇಡು.

ಇನ್ನು ಬಚ್ಚಲುಮನೆ. ನಿಲ್ಲಲು ಬರುವ ಮಗು ಬಕೆಟ್ಟಿನ ಅಂಚು ಹಿಡಿದು ನಿಂತು ಒಳಗೆ ಬಗ್ಗುತ್ತದೆ. ತಲೆ ಭಾರ, ಕಾಲು ಹಗುರ. ಒಳಗೆ ಬಿದ್ದರೆ ತಾನಾಗಿ ಮೇಲೇಳಲಾರದು. ಗೇಣುದ್ದ ನೀರೂ ಬೇಡ, ಮೂಗು ಬಾಯಿ ಮುಳುಗುವಷ್ಟಿದ್ದರೆ ಸಾಕು, ಅನಾಹುತವಾಗುತ್ತದೆ, ಅದೂ ಸದ್ದಿಲ್ಲದೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ಬಕೆಟ್ಟು ಬೋರಲು ಹಾಕಿ, ಬಚ್ಚಲಿನ ಬಾಗಿಲು ಮುಚ್ಚಿ ಚಿಲಕ ಹಾಕಿ. ನೆಲದ ಮೇಲೆ ಕೂತು ಊಟ ಮಾಡುವ ಮನೆಗಳಲ್ಲಿ ಬಿಸಿ ಸಾರಿನ ಪಾತ್ರೆ, ಕುದಿಯುವ ಕಾಫಿಯ ವಿಷಯದಲ್ಲೂ ಇದೇ ಎಚ್ಚರ ಬೇಕು.

ಕಾಲಿಗೆ ಏನು ಹಾಕಬೇಕು ಎಂದು ಕೇಳುತ್ತಾರೆ. ಮನೆಯೊಳಗೆ ಬರಿಗಾಲೇ ಲೇಸು. ಬೆರಳುಗಳಿಂದ ನೆಲವನ್ನು ಹಿಡಿದು ನಿಲ್ಲುವುದನ್ನು ಮಗು ಕಲಿಯಬೇಕಲ್ಲ? ಟೈಲ್ಸಿನ ಮೇಲೆ ಕಾಲುಚೀಲ ಹಾಕಿದರೆ ಜಾರುವುದು ಖಂಡಿತ. ಎಣ್ಣೆನೀರು ಹಾಕಿದ ದಿನ ಅಂಗಾಲಿನ ಎಣ್ಣೆಯನ್ನು ಕಡಲೆಹಿಟ್ಟಿನಿಂದ ಚೆನ್ನಾಗಿ ತೆಗೆದು ಒರೆಸಿ ಆಮೇಲೆ ಕೆಳಗೆ ಬಿಡಿ. ಕಾಲ್ಗೆಜ್ಜೆ ನನಗೆ ಬಹಳ ಇಷ್ಟ. ಕೂಸು ಯಾವ ಕೋಣೆಯಲ್ಲಿದೆ ಎಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಆದರೆ ವಾರಕ್ಕೊಮ್ಮೆ ಗೆಜ್ಜೆಗಳನ್ನು ಎಳೆದು ನೋಡಿ. ಸಡಿಲವಾದ ಗೆಜ್ಜೆ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಂಡೀತು.

ನಿಲ್ಲುವುದು ಮಾತ್ರವಲ್ಲ, ಕೂರುವುದನ್ನೂ ಕಲಿಸಬೇಕು ಎಂದರೆ ನಗುತ್ತೀರೇನೋ. ಹೊಸದಾಗಿ ಎದ್ದು ನಿಂತ ಮಗುವಿಗೆ ಕೆಳಗಿಳಿಯಲು ಬರುವುದಿಲ್ಲ. ಕೈ ಬಿಡಲು ಭಯ, ನಿಂತಿರಲು ಸುಸ್ತು. ಕಟಕಟೆ ಹಿಡಿದು ಅಳತೊಡಗುತ್ತದೆ. ನಡುರಾತ್ರಿಯಲ್ಲೂ ಇದೇ ರಂಪ. ಆಗ ಎತ್ತಿ ಮಲಗಿಸುವುದಕ್ಕಿಂತ ಅದರ ಮಂಡಿಯ ಹಿಂದೆ ಮೆಲ್ಲಗೆ ಒತ್ತಿ, ಕಾಲು ಮಡಿಸಿ ಕೂರುವುದನ್ನು ತೋರಿಸಿ. ಹಗಲು ನಿಂತಿರುವಾಗ ಇಷ್ಟದ ಆಟದ ಸಾಮಾನನ್ನು ಪಾದದ ಬಳಿ ಇಟ್ಟರೆ ತಾನೇ ಬಗ್ಗಿ, ಮಂಡಿ ಮಡಿಸುತ್ತದೆ. ಹಾಗೆಯೇ ಮಂಚದಿಂದ, ಮೆಟ್ಟಿಲಿನಿಂದ ಹಿಂದುಮುಂದಾಗಿ, ಕಾಲು ಮೊದಲು ಮಾಡಿ ಇಳಿಯುವುದನ್ನು ದಿನವೂ ಹತ್ತು ಸಲ ಆಡಿಸಿ. "ಕಾಲು ಮುಂದೆ, ತಲೆ ಹಿಂದೆ" ಎಂದು ನಾನು ರಾಗವಾಗಿ ಹೇಳುತ್ತೇನೆ. ಪುಟ್ಟ ಅದನ್ನು ಕೇಳಿದರೆ ಸಾಕು, ತಿರುಗಿಕೊಳ್ಳುತ್ತಾನೆ.

ಈಗ ವಾಕರಿನ ವಿಷಯ. ಸುತ್ತ ಗಾಲಿ, ನಡುವೆ ಕೂರುವ ಚೀಲವಿರುವ ಆ ಬಣ್ಣದ ಗಾಡಿಯನ್ನು ಅಳಿಯಂದಿರ ಕಡೆಯವರು ಪ್ರೀತಿಯಿಂದ ತಂದುಕೊಟ್ಟರು. ಮಗಳು ಬೇಡವೆಂದಳು. "ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ಬಾರ್ದು ಕಣೇ" ಎಂದರು ನಮ್ಮತ್ತೆ. ಆಗ ಮಗಳು ವಿವರಿಸಿದಳು. ಅದರಲ್ಲಿ ಕೂತ ಮಗು ಒಂದು ಸೆಕೆಂಡಿಗೆ ಮೂರಡಿಗೂ ಹೆಚ್ಚು ದೂರ ಸಾಗಬಲ್ಲದಂತೆ. ನಾವು "ಏಯ್" ಎನ್ನುವುದರೊಳಗೆ ಮೆಟ್ಟಿಲ ಬಳಿ! ಅಮೆರಿಕದಲ್ಲಿ 1990ರಿಂದ 2014ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಪುಟ್ಟ ಮಕ್ಕಳು ವಾಕರಿನಿಂದ ಪೆಟ್ಟು ಮಾಡಿಕೊಂಡು ತುರ್ತು ಚಿಕಿತ್ಸೆಗೆ ಹೋದರಂತೆ. ಹೆಚ್ಚಿನವರು ಮೆಟ್ಟಿಲಿನಿಂದ ಬಿದ್ದವರೇ. ಕೆನಡಾ ದೇಶದಲ್ಲಿ 2004ರಿಂದ ಅದನ್ನು ಮಾರುವುದನ್ನೇ ನಿಷೇಧಿಸಿದ್ದಾರೆ. ಹೋಗಲಿ, ನಡಿಗೆಯಾದರೂ ಬೇಗ ಬರುತ್ತದೆಯೇ ಎಂದರೆ ಅದೂ ಇಲ್ಲ. ತನ್ನ ಭಾರವನ್ನು ತಾನು ಹೊರುವುದನ್ನು ಕಲಿಯದೆ ತುದಿಗಾಲಲ್ಲಿ ನೂಕಿಕೊಂಡು ಹೋದರೆ ನಡಿಗೆ ಹೇಗೆ ಬಂದೀತು? ಕೊನೆಗೆ ಅಳಿಯಂದಿರೇ ತಮ್ಮ ಮನೆಯವರಿಗೆ ನಯವಾಗಿ ತಿಳಿಸಿ ಹೇಳಿದರು. ನಾವು ಗಾಲಿ ಬಿಚ್ಚಿ ಅದನ್ನು ಅಟ್ಟಕ್ಕೆ ಹಾಕಿದೆವು.

ನಮ್ಮ ಹಿಂದಿನವರ ಮರದ ತಳ್ಳುಗಾಡಿ ಇದಕ್ಕಿಂತ ಜಾಣತನದ್ದು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು ಮಾಡುವ ಆಟಿಕೆಗಳ ಅಂಗಡಿಗಳಲ್ಲಿ ಅದು ಈಗಲೂ ಸಿಗುತ್ತದೆ. ಅದರಲ್ಲಿ ಮಗು ಕೂರುವುದಿಲ್ಲ, ಹಿಂದೆ ನಿಂತು ತನ್ನ ಕಾಲ ಮೇಲೆಯೇ ತಳ್ಳುತ್ತದೆ. ಆದರೆ ಇದಕ್ಕೂ ಎಚ್ಚರ ಬೇಕು. ಮಗು ಕೈಬಿಟ್ಟು ಒಂದೆರಡು ಹೆಜ್ಜೆ ಇಡುವಷ್ಟಾದ ಮೇಲೆ ಕೊಡಿ. ಮುಂಭಾಗಕ್ಕೆ ಎರಡು ಕಿಲೋ ರಾಗಿಯ ಚೀಲ ಕಟ್ಟಿದರೆ ಹಿಂದಕ್ಕೆ ಮಗುಚುವುದಿಲ್ಲ. ನುಣುಪು ನೆಲದಲ್ಲಿ ಜಮಖಾನ ಹಾಸಿ, ನೀವು ಪಕ್ಕದಲ್ಲೇ ಇರಿ.

"ಪಕ್ಕದ್ಮನೆ ಮಗು ಹತ್ತು ತಿಂಗಳಿಗೇ ನಡೀತು, ನಿಮ್ಮದಿನ್ನೂ ಮಂಚ ಹಿಡ್ಕೊಂಡೇ ನಿಂತಿದೆಯಲ್ಲ?" ಎನ್ನುವವರ ಮಾತಿಗೆ ತಲೆ ಕೆಡಿಸಿಕೊಂಡು ಅವಸರ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಆಸರೆಯಿಲ್ಲದೆ ನಿಲ್ಲುವುದು ಸುಮಾರು 7ರಿಂದ 17 ತಿಂಗಳೊಳಗೆ, ತಾನಾಗಿ ನಡೆಯುವುದು ಸುಮಾರು 8ರಿಂದ 17½ ತಿಂಗಳೊಳಗೆ. ಎಷ್ಟು ಅಗಲದ ಗಡುವು ನೋಡಿ! ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಮಗು ಎತ್ತರದಿಂದ ಬಿದ್ದೀತು. ಆಗ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದೇ ಎಲ್ಲಕ್ಕಿಂತ ಮುಖ್ಯ ಎಂದು ನನಗನ್ನಿಸಿದ್ದು ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲೇ ನಡೆದದ್ದರಿಂದ.

ಎದುರು ಮನೆಯ ಸೊಸೆಗೆ ಆಗ ಇಪ್ಪತ್ತೆರಡು ವರ್ಷ. ಹತ್ತು ತಿಂಗಳ ಹೆಣ್ಣುಕೂಸು. ಅತ್ತೆ ಒಳ್ಳೆಯವರೇ, ಆದರೆ ಬಾಯಿ ಜೋರು. ಒಂದು ಸಂಜೆ ಅವರು ನನ್ನನ್ನು ಕೂಗಿ ಕರೆದರು. ಮಗು ಎರಡು ಸಲ ವಾಂತಿ ಮಾಡಿಕೊಂಡಿತ್ತು, ತೂಕಡಿಸುತ್ತಲೇ ಇತ್ತು. ಅಜೀರ್ಣವಿರಬೇಕೆಂದು ಓಮದ ನೀರು ಕುಡಿಸಿದ್ದರು. ದೃಷ್ಟಿಯೂ ತೆಗೆದಾಗಿತ್ತು. ನಾನು ಸೊಸೆಯ ಮುಖ ನೋಡಿದೆ. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ, "ಏನಾಯ್ತು ಹೇಳಮ್ಮ" ಎಂದೆ. "ಬೆಳಿಗ್ಗೆ ಹನ್ನೊಂದಕ್ಕೆ ಮಂಚದಿಂದ ಬಿತ್ತು ಆಂಟಿ. ಅತ್ತೆಗೆ ಹೇಳ್ಬೇಡಿ" ಎಂದು ಅತ್ತಳು.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಡಾಕ್ಟರ ಮೊದಲ ಪ್ರಶ್ನೆ, "ಯಾವಾಗ ಬಿದ್ದದ್ದು? ಎಷ್ಟು ಎತ್ತರದಿಂದ?" ಹುಡುಗಿ ಎಲ್ಲರೆದುರೇ ಹೇಳಿದಳು. ಅತ್ತೆ ಬೆಚ್ಚಿಬಿದ್ದು, "ನಂಗ್ಯಾಕೆ ಹೇಳ್ಲಿಲ್ವೇ?" ಎಂದರು. "ನೀವು ಬೈತೀರ ಅಂತ" ಎಂದಳು. ಅಷ್ಟೇ. ಆ ಹೆಂಗಸು ಮತ್ತೆ ಮಾತಾಡಲಿಲ್ಲ. ಸ್ಕ್ಯಾನ್ ಮಾಡಿ, ರಾತ್ರಿಯಿಡೀ ಅಲ್ಲೇ ಇರಿಸಿಕೊಂಡು ನೋಡಿದರು. ದೇವರು ದೊಡ್ಡವನು, ಮಗು ಚೇತರಿಸಿಕೊಂಡಿತು. ಈಗ ಶಾಲೆಗೆ ಹೋಗುತ್ತದೆ. ಆದರೆ ಹನ್ನೊಂದರಿಂದ ಸಂಜೆಯವರೆಗಿನ ಆ ಹೊತ್ತು ಬೈಗುಳದ ಭಯಕ್ಕೆ ಬಲಿಯಾಯಿತಲ್ಲ? ಬೇರೊಂದು ಮಗುವಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಮಗು ಬಿದ್ದಿತು ಎಂದು ಬಂದು ಹೇಳಿದವರನ್ನು ಬೈಯುವಂತಿಲ್ಲ. ತಾಯಿಯಿರಲಿ, ಕೆಲಸದ ಹುಡುಗಿಯಿರಲಿ, ಎತ್ತಿಕೊಂಡಿದ್ದ ಅಣ್ಣ ಅಕ್ಕಂದಿರಿರಲಿ, ಹೇಳಿದ್ದಕ್ಕೆ "ಒಳ್ಳೇದಾಯ್ತು ಹೇಳಿದ್ದು" ಎನ್ನಬೇಕು. ಆಮೇಲೆ ಮಗುವನ್ನು ನೋಡಬೇಕು.

ನೋಡುವುದು ಏನನ್ನು? ಬಿದ್ದ ಕೂಡಲೇ ಅತ್ತು, ಎತ್ತಿಕೊಂಡಾಗ ಸಮಾಧಾನವಾಗಿ, ಎಂದಿನಂತೆ ಆಡಿ ಹಾಲು ಕುಡಿದರೆ ಹೆದರಬೇಕಾಗಿಲ್ಲ. ಹಣೆಯಲ್ಲಿ ಬುಗುಟೆ ಎದ್ದರೆ ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ವಲ್ಪ ಹೊತ್ತು ಇಡಿ, ಬಲವಾಗಿ ಉಜ್ಜಬೇಡಿ. ರಕ್ತ ಬಂದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕಾಫಿಪುಡಿ ತುಂಬಬೇಡಿ. ನಿದ್ದೆಯ ಹೊತ್ತಾಗಿದ್ದರೆ ಮಲಗಲಿ, ಆದರೆ ನಡುನಡುವೆ ಮುಟ್ಟಿ ನೋಡಿ, ಎಬ್ಬಿಸಿದರೆ ಏಳುತ್ತದೆಯೇ ಎಂದು. ಒಂದೆರಡು ದಿನ ಗಮನವಿರಲಿ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ: ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಏನು ಮಾಡಿದರೂ ಅಳು ನಿಲ್ಲದಿದ್ದರೆ, ಫಿಟ್ಸ್ ಬಂದರೆ, ಮೂಗಿನಿಂದ ಕಿವಿಯಿಂದ ರಕ್ತ ಅಥವಾ ನೀರಿನಂಥದ್ದು ಸೋರಿದರೆ, ತಲೆಯ ಪಕ್ಕದಲ್ಲೋ ಹಿಂದೆಯೋ ಮೆತ್ತನೆಯ ಊತವಿದ್ದರೆ, ಕೈಯನ್ನೋ ಕಾಲನ್ನೋ ಆಡಿಸದಿದ್ದರೆ. ಮೂರಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಮಗು ಚೆನ್ನಾಗಿಯೇ ಕಂಡರೂ ಒಮ್ಮೆ ತೋರಿಸಿಬಿಡಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ದೃಷ್ಟಿ ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ. ಮೊದಲು ಮಗುವನ್ನು ನೋಡಿ, ಆಮೇಲೆ ದೃಷ್ಟಿ ತೆಗೆಯಿರಿ.

ನಮ್ಮ ಕಡೆ ಮಗು ಹೊಸಿಲು ದಾಟಿದ ದಿನ ಹೊಸಿಲಿಗೆ ಅರಿಸಿನ ಕುಂಕುಮವಿಟ್ಟು, ಕಾಯಿ ಒಡೆದು, ಸಿಹಿ ಮಾಡಿ ಹಂಚುತ್ತೇವೆ. ಒಳ್ಳೆಯ ಪದ್ಧತಿ, ನೀವೂ ಮಾಡಿ. ಅದೇ ದಿನ ಇನ್ನೆರಡು ಕೆಲಸ ಸೇರಿಸಿಕೊಳ್ಳಿ. ಮಂಡಿಯೂರಿ ಮನೆಯನ್ನೊಮ್ಮೆ ಸುತ್ತಿ ಬನ್ನಿ. ಸಿಹಿ ತಿನ್ನುತ್ತ ಕೂತ ಮನೆಮಂದಿಯೆದುರು ಆ ಒಂದು ನಿಯಮವನ್ನು ಹೇಳಿಬಿಡಿ. ಅದರಲ್ಲೂ ಅತ್ತೆಯಾದವರು ತಾವೇ ಬಾಯಿಬಿಟ್ಟು ಹೇಳಿದರೆ, ಎಳೆಯ ಸೊಸೆಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕಿಲ್ಲ.